ತಿಮ್ಮಿಯ ಹೆಬ್ಬೆರಳು

ಹೊನ್ನಾವರದ ಮೀನುಪೇಟೆಯಲ್ಲಿ ಮೂವತ್ತು ವರ್ಷ ಮೀನು ಮಾರಿದ ತಿಮ್ಮಿಯ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಬುಡದಲ್ಲಿ ಅಡಿಕೆ ಗಾತ್ರದ ಗಂಟು. ಚಪ್ಪಲಿಯ ಪಟ್ಟಿ ತಾಗಿ ತಾಗಿ ಅದು ಕೆಂಪಗೆ ಊದಿ, ನಾಲ್ಕು ಹೆಜ್ಜೆ ನಡೆದರೆ ಜೀವ ಹಿಂಡುತ್ತಿತ್ತು. ಕೊನೆಗೆ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ವೀಣಾ ಹಟ ಹಿಡಿದು ಕುಮಟೆಯ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರ್ ಶಿಶಿರ ಎಕ್ಸ್‌ರೇ ತೋರಿಸಿ ನಿಧಾನವಾಗಿ ಬಿಡಿಸಿ ಹೇಳಿದರು.

"ಎರಡು ದಾರಿ ಇದೆ, ತಿಮ್ಮಕ್ಕ. ಒಂದು, ಮೂಳೆ ಕೊಯ್ದು, ನೆಟ್ಟಗೆ ಸರಿಸಿ ಸ್ಕ್ರೂ ಹಾಕೂದು. ಬೆರಳು ಮಡಚ್ಲಿಕ್ಕೆ ಬರ್ತದೆ. ಆದ್ರೆ ನಿಮ್ಮ ಬೆರಳಿನ ಕೀಲು ಇದ್ಯಲ್ಲ, ಆ ಸಂದು ಸವೆದಿದೆ, ನೋವು ಪೂರ್ತಿ ಹೋಗ್ತದೆ ಅಂತ ಹೇಳ್ಲಾರೆ. ಗಂಟು ತಿರುಗಿ ಬಂದ್ರೂ ಬಂತು. ಇನ್ನೊಂದು, ಸಂದಿನ ಎರಡೂ ಮೂಳೆ ಒಂದೇ ಆಗೂ ಹಾಗೆ ಕೂಡಿಸಿಬಿಡೂದು. ನೋವು ಹೋಗ್ತದೆ, ಬೆರಳು ಮತ್ತೆ ವಾಲೂದಿಲ್ಲ. ಆದ್ರೆ ಆ ಸಂದು ಇನ್ನು ಮಡಚೂದಿಲ್ಲ. ನನ್ನ ಕೇಳಿದ್ರೆ ಇದೇ ಒಳ್ಳೇದು."

"ಸಣ್ಣ ತೂತು ಮಾಡಿ ಆಪರೇಷನ್ ಮಾಡೂದು ಮೊಬೈಲಲ್ಲಿ ನೋಡಿದ್ದೆ," ಎಂದಳು ವೀಣಾ.

"ಅದೂ ಮೂಳೆ ಕೊಯ್ಯೂದೇ, ಗಾಯ ಸಣ್ಣದು ಅಷ್ಟೆ. ಇಷ್ಟು ವಾಲಿದ ಬೆರಳಿಗೆ ನಾನು ಮಾಡೂದಿಲ್ಲ."

ತಿಮ್ಮಿ ಕೇಳಿದ್ದು ಒಂದೇ ಮಾತು. "ಬೆರಳು ಮಡಚದಿದ್ರೆ ಕುಕ್ಕರುಗಾಲಲ್ಲಿ ಕೂತು ಮೀನು ಕೊಯ್ಯೂದು ಹೆಂಗೆ?"

"ಕಷ್ಟ."

"ಹಂಗಾದ್ರೆ ಮೊದಲು ಹೇಳಿದ್ದೇ ಆತು."

ಆಪರೇಷನ್ ಚೆನ್ನಾಗಿಯೇ ಆಯಿತು. ಆರು ವಾರ ಮುಂಗಾಲು ಊರಬಾರದು, ಕೊಟ್ಟ ಬೂಟು ಹಾಕಿ ಹಿಮ್ಮಡಿಯ ಮೇಲೆಯೇ ನಡೆಯಬೇಕು ಎಂದು ಹೇಳಿ ಕಳಿಸಿದರು. ಮನೆಯಲ್ಲಿ, ದೋಣಿಯಲ್ಲಿ ಮೀನು ಹಿಡಿಯಲು ಹೋಗುವ ಗಂಡ ಸೋಮ ಅವಳ ಕಾಲ ಕೆಳಗೆ ದಿಂಬು ಇಡುತ್ತಿದ್ದ. ಒಲೆಯ ಹತ್ತಿರ ಸುಳಿಯದವನು ಗಂಜಿ ಬೇಯಿಸಿ, "ಉಪ್ಪು ಸಾಕಾ?" ಎಂದು ಕೇಳುತ್ತಿದ್ದ. ಮದುವೆಯಾದ ಮೇಲೆ ಇಷ್ಟು ದಿನ ಸುಮ್ಮನೆ ಮಲಗಿದ್ದು ತಿಮ್ಮಿಗೆ ಇದೇ ಮೊದಲು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ದುರ್ಗಪ್ಪ ಅಂಗಳದಿಂದಲೇ ಕೂಗಿದ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಸೋಮನ ದೋಣಿ ಮಗುಚಿದೆ!

ತಿಮ್ಮಿ ಬೂಟು ಹುಡುಕಲಿಲ್ಲ. ಬ್ಯಾಂಡೇಜು ಕಟ್ಟಿದ ಕಾಲಲ್ಲೇ ಓಡಿದಳು. ದಡದ ಮರಳು ಹೊಯಿಗೆಯಲ್ಲಿ ಕಾಲು ಹೂತಾಗ ಒಳಗೆ ಏನೋ ಲಟಕ್ಕೆಂದಿತು, ಅವಳು ನಿಲ್ಲಲಿಲ್ಲ. ದೋಣಿಯಲ್ಲಿದ್ದ ನಾಲ್ವರಲ್ಲಿ ಮೂವರು ಈಜಿ ದಡ ಸೇರಿದ್ದರು. ಮಧ್ಯಾಹ್ನದ ಹೊತ್ತಿಗೆ ಸೋಮನನ್ನು ಹುಡುಕಿ ತಂದು ಮಲಗಿಸಿದರು. ತಿಮ್ಮಿ ಅವನ ಮುಖಕ್ಕೆ ಹತ್ತಿದ ಹೊಯಿಗೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ಅವಳ ಬ್ಯಾಂಡೇಜು ರಕ್ತದಲ್ಲಿ ತೋಯ್ದದ್ದನ್ನು ಮೊದಲು ಕಂಡವಳು ವೀಣಾ.

ಸೋಮನ ಕಾರ್ಯವೆಲ್ಲ ಮುಗಿಯುವ ತನಕ ತಿಮ್ಮಿ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಅಷ್ಟರಲ್ಲಿ ಸ್ಕ್ರೂ ಕಿತ್ತುಬಂದು, ಕೊಯ್ದ ಮೂಳೆ ಜಾರಿ ಹೋಗಿತ್ತು.

"ಈಗ ಕೂಡಿಸೂದೊಂದೇ ಉಳಿದದ್ದು," ಎಂದರು ಶಿಶಿರ. ನಡೆದದ್ದನ್ನು ವೀಣಾ ಹೇಳಿದ ಮೇಲೆ, "ಮೊದಲೇ ಕೂಡಿಸಿದ್ರೂ ಹಾಗೆ ಓಡಿದ್ರೆ ಸ್ಕ್ರೂ ಕಿತ್ತು ಬರ್ತಿತ್ತು, ತಿಮ್ಮಕ್ಕ. ನೀವು ಆರಿಸಿದ್ದು ತಪ್ಪು ಅಂತ ಅಂದ್ಕೊಳ್ಬೇಡಿ," ಎಂದರು.

"ಓಡಿ ಎಂತ ಆತು, ಡಾಕ್ಟ್ರೇ? ನಾ ಮುಟ್ಟುವಷ್ಟ್ರಲ್ಲಿ ಅವ್ರು ಹೋಗಿಯಾಗಿತ್ತು."

ಎರಡನೆಯ ಸಲ ಮೂಳೆ ಸರಿಯಾಗಿ ಕೂಡಿತು. ಬೆರಳು ಈಗ ನೆಟ್ಟಗಿದೆ, ನೋವಿಲ್ಲ. ತಿಮ್ಮಿ ಪೇಟೆಗೆ ಬರುತ್ತಾಳೆ, ಕುಕ್ಕರುಗಾಲು ಆಗದ್ದರಿಂದ ಸ್ಟೂಲಿನ ಮೇಲೆ ಕೂತು ಮೀನು ಕೊಯ್ಯುತ್ತಾಳೆ, ಗಿರಾಕಿಗಳ ಹತ್ತಿರ ಮಾತಾಡುತ್ತಾಳೆ. ದೋಣಿಗಳು ಬಂದು ನಿಲ್ಲುವ ದಕ್ಕೆಯ ಕಡೆಗೆ ಮಾತ್ರ ಹೋಗುವುದಿಲ್ಲ. ಬಟ್ಟೆ ಅಂಗಡಿಯ ಕೆಲಸ ಬಿಟ್ಟು, ಬೆಳಿಗ್ಗೆ ಬೇಗ ಎದ್ದು ದೋಣಿಯಿಂದ ಮೀನು ತರುವವಳು ಈಗ ವೀಣಾ.