ನ್ಯಾ ನಿಮಿಯಾ ಬರೆದ ಮೂರು ಸಾಲು

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಡಯಾಲಿಸಿಸ್ ಸರದಿ ತೋರಿಸುವ ಪುಟ ನಿಂತುಹೋದದ್ದು, ಎಲ್ಲರೂ ನ್ಯಾ, ಅಂದರೆ ಅಮ್ಮಾವ್ರು, ಎಂದು ಕರೆಯುತ್ತಿದ್ದ ನಿಮಿಯಾ ಬೆನೀತೆಸ್‌ಳ ತಪ್ಪೆಂದು ಬರೆದು ಶುಕ್ರವಾರ ಆಕೆಯನ್ನು ಕೆಲಸದಿಂದ ತೆಗೆದರು. ಪಕ್ಕದ ಕುರ್ಚಿ ಖಾಲಿ, ಬೆನ್ನಿಗೆ ಆಕೆಯ ಶಾಲು ಇನ್ನೂ ಹಾಗೇ, ಆಕೆಯ ಪಕ್ಕ ಕೂತು ಕೋಡು ಬರೆಯಲು ಕಲಿತ ಡೆರ್ಲಿಸ್ ಆ ಕಡೆ ತಿರುಗದೆ ಪರದೆಯನ್ನೇ ನೋಡುತ್ತಾನೆ, ಸಾಲುಗಳು ಉರುಳುತ್ತಿವೆ, ಒಂದೇ ಪ್ರಶ್ನೆ, ಮತ್ತೆ ಅದೇ — ಇವತ್ತಿನ ರೋಗಿಗಳ ಪಟ್ಟಿ ಕೊಡು, ಇವತ್ತಿನ ರೋಗಿಗಳ ಪಟ್ಟಿ ಕೊಡು — ಅವನು ಪುಟ ತೆರೆದದ್ದು ಒಂದು ಸಲ, ಡೇಟಾಬೇಸಿಗೆ ಹೋದ ಕರೆ ಇನ್ನೂರ ಹದಿನಾಲ್ಕು, ಎಣಿಸಿದ್ದಾನೆ, ಎರಡು ಸಲ ಎಣಿಸಿದ್ದಾನೆ, ಪಟ್ಟಿ ತುಂಬಿದೆಯೇ, ಗುಂಡಿ ತೋರಿಸಲೇ, ಬಣ್ಣ ಹಚ್ಚಲೇ ಎಂದು ಪುಟ ಸಾಲುಸಾಲಿಗೂ ಕೇಳುತ್ತದೆ, ಕೇಳುವುದು ಪುಟದ ಸ್ವಭಾವ, ಆದರೆ ಉತ್ತರ ಕೊಡುವ ಕೋಡಿನ ತುಣುಕು, ಗೆಟರ್, ಕೈಯಲ್ಲಿರುವುದನ್ನು ಎತ್ತಿ ಕೊಡಬೇಕೇ ಹೊರತು ಪ್ರತಿ ಸಲ ಹೋಗಿ ಡೇಟಾಬೇಸಿನ ಬಾಗಿಲು ಬಡಿಯುವುದೇ — ಅವನೂ ಬಡಿದಿದ್ದ, ಸೇರಿದ ಮೊದಲ ವಾರ, ಆಗ ನಿಮಿಯಾ ಬೈಯಲಿಲ್ಲ, ಸೊಪ್ಪಿಗೆ ಐಸ್ ನೀರು ಹೊಯ್ದು ಕುಡಿಯುವ ತೆರೆರೆಯ ಕೊಂಬಿನ ಲೋಟ ಅವನ ಕೈಗಿಟ್ಟಳು, ಮರಿ, ಗುಟುಕಿಗೊಂದ್ಸಲ ಐಸ್ ತರೋಕೆ ಮೂಲೆ ಅಂಗಡಿಗೆ ಓಡ್ತೀಯೇನೋ, ಬೆಳಗ್ಗೆ ಒಂದ್ಸಲ ಥರ್ಮೋಸ್ ತುಂಬ್ಕೊಂಡ್ರೆ ಇಡೀ ಆಫೀಸು ಕುಡಿಯುತ್ತೆ, ಸುತ್ತ ಕೂತವರೆಲ್ಲ ನಕ್ಕರು, ಅರೆದ ಸೊಪ್ಪಿನ ತಣ್ಣನೆ ಕಹಿ ಗಂಟಲಿಗೆ ಇಳಿಯಿತು, ನೀರು ಮುಗಿದರೆ ಎಂದು ಅವನು ಕೇಳಿದ್ದ, ಮುಗಿದಾಗ ತುಂಬ್ಸು, ಬಾಯಾರಿದಾಗಲೆಲ್ಲ ಅಲ್ಲ, ಎಂದಳು.

ಆಕೆ ಬರೆದದ್ದು ಎಂಥ ಮೂರು ಸಾಲು, ಕೋಡಿನ ಹಳೆಯ ಪ್ರತಿಯಲ್ಲಿ ಈಗಲೂ ಇವೆ, ಪುಟ ತೆರೆದಾಗ ಪಟ್ಟಿಯನ್ನು ಒಮ್ಮೆ ತಂದು ಇಟ್ಟುಕೊ, ಯಾರು ಕೇಳಿದರೂ ಇಟ್ಟುಕೊಂಡದ್ದನ್ನು ಕೊಡು, ಯಾರದಾದರೂ ಸರದಿ ಬದಲಾಯಿಸಿ ಉಳಿಸಿದರೆ ಮತ್ತೊಮ್ಮೆ ತಾ, ಅಷ್ಟೇ, ಒಂದು ಪದ ತೆಗೆಯುವಂತಿಲ್ಲ, ಒಂದು ಪದ ಸೇರಿಸುವಂತಿಲ್ಲ, ರಾತ್ರಿಶಾಲೆಯಲ್ಲಿ ಜಾವಾ ಕಲಿತ ಹೆಂಗಸು, ನಲವತ್ತು ದಾಟಿದ ಮೇಲೆ ಕಲಿತಳು, ಪದವಿಯ ಚೌಕಟ್ಟು ಗೋಡೆಗೆ ತೂಗುಹಾಕಿದವರಿಗೆ ಹೊಳೆಯದ್ದು ಆಕೆಗೆ ಹೊಳೆಯಿತು, ಏಕೆಂದರೆ ಕಾಯುವವರ ಮುಖ ಆಕೆಗೆ ಗೊತ್ತಿತ್ತು, ಸರದಿ ಕಿಟಕಿಯ ಆಚೆ ರೋಗಿಗಳ ನಡುವೆ ನಿಂತು ಎಷ್ಟು ಸೆಕೆಂಡಾಯ್ತು ಅಂತ ಎಣಿಸುತ್ತಿದ್ದವಳು — ಆ ಸಾಲುಗಳ ಕೆಳಗೆ ಮುಂದಿನ ತಿದ್ದುಪಡಿ, ಮೂರೂ ಸಾಲು ಹೊಡೆದುಹಾಕಿದೆ, ಟಿಪ್ಪಣಿಯಲ್ಲಿ ಪಟ್ಟಿ ಸದಾ ತಾಜಾ ಇರಬೇಕು ಎಂದಿದೆ, ತಿದ್ದಿದವರ ಹೆಸರು ಇಂಜಿನಿಯರ್ ಒವೆಲಾರ್, ಈ ವಿಭಾಗದ ಮುಖ್ಯಸ್ಥ. ತಿದ್ದಿ ಒವೆಲಾರ್ ಮೂರು ಸುಳ್ಳು ಹೆಸರು ಹಾಕಿ ಪರೀಕ್ಷೆ ಮಾಡಿದ, ಮೂರು ಹೆಸರಿಗೆ ಯಾವ ಪುಟ ನಿಲ್ಲುತ್ತದೆ, ನಿಮಿಯಾಳನ್ನು ತೆಗೆದ ವಾರದ ಸೋಮವಾರ ತೊಂಬತ್ತು ಜನ, ಹನ್ನೆರಡು ಕಿಟಕಿಯಲ್ಲೂ ಅದೇ ಪುಟ, ಎಂಟು ಗಂಟೆಗೆ ಎಲ್ಲ ಸ್ತಬ್ಧ, ಲಂಬಾರೆ ಊರಿಂದ ಎರಡು ಬಸ್ಸು ಬದಲಿಸಿ ಬಂದ ರೋಗಿಯೊಬ್ಬಳನ್ನು ಸರದಿ ಕಾಣ್ತಿಲ್ಲ ನಾಳೆ ಬನ್ನಿ ಎಂದು ಕಳಿಸಿದರು, ಊದಿದ ಕಾಲು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ಬಿಸಿ ಮೆಟ್ಟಿಲಿಳಿದಳು, ತಾಜಾ ಪಟ್ಟಿ, ತಾಜಾ ಅಂತೆ.

ಹಿಂದಿನಿಂದ ಅತ್ತರಿನ ವಾಸನೆ, ಭುಜದ ಮೇಲೆ ಒವೆಲಾರನ ಕೈ, ಮೇಜಿಗೆ ವರದಿ ಬಂತು, ತಪ್ಪು ನಿಮಿಯಾಳದೇ, ಡೆರ್ಲಿಸ್ ಪರೀಕ್ಷಿಸಿ ದೃಢಪಡಿಸಿದ್ದಾನೆ ಎಂದು ಅದರಲ್ಲಿ ಆಗಲೇ ಅಚ್ಚಾಗಿದೆ, ಮಧ್ಯಾಹ್ನದೊಳಗೆ ಸಹಿ ಬಿದ್ದರೆ ನಿಮಿಯಾಳ ಮೇಲ್ಮನವಿ ಅಲ್ಲಿಗೇ ಮುಗಿಯಿತು, ಅವಳಿಗೆ ಬೇರೆ ಸಾಕ್ಷಿಯಿಲ್ಲ. ಸಹಿ ಹಾಕಪ್ಪ, ಆಯಮ್ಮ ಹೆಂಗೂ ಹೋಗಾಯ್ತು, ಆ ಕುರ್ಚಿ ನಿಂಗೇ ಇಟ್ಟಿದೀನಿ, ಹಾಗೇ ಆ ಹಳೇ ಪ್ರತಿ ಅಳಿಸ್ಬಿಡು, ಜಾಗ ತಿನ್ನುತ್ತೆ — ಜಾಗ, ಮೂರು ಸಾಲು ಎಷ್ಟು ಜಾಗ ತಿಂದೀತು — ಪರದೆಯಲ್ಲಿ ಪಟ್ಟಿ ಕೊಡು ಪಟ್ಟಿ ಕೊಡು, ಮೆಟ್ಟಿಲ ಮೇಲೆ ಬರಿಗಾಲು, ಕಾಲ ಬೆರಳುಗಳ ನಡುವೆ ಸಂದೇ ಇಲ್ಲದಷ್ಟು ಊದಿದ ಬರಿಗಾಲು, ಡೆರ್ಲಿಸ್ ಪೆನ್ನನ್ನು ಒವೆಲಾರನ ಕಡೆಗೆ ತಳ್ಳಿದ, ಅಳಿಸಲ್ಲ, ಇಂಜಿನಿಯರ್, ಸಹೀನೂ ಹಾಕಲ್ಲ.