ನಾಲ್ಕೂರು ತಿರುಗಿದ ಹೊಲಿಗೆ ಮಷೀನು

ಕೊಪ್ಪಳದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಶಿವಲೀಲಾ ಟೀಚರಿಗೆ, ಬೆಳಗಾದರೆ ಯಾರನ್ನು ಗದರಿಸಬೇಕೆಂದು ತಿಳಿಯದೆ ಎರಡು ತಿಂಗಳು ಕಳೆದಿದ್ದವು. ಅಂಥ ಹೊತ್ತಿನಲ್ಲಿ ಜವಾಹರ ರಸ್ತೆಯ ಸೀರೆ ಅಂಗಡಿಯ ದೊಡ್ಡಬಸಪ್ಪ ಸೇಬುಹಣ್ಣಿನ ಚೀಲ ಹಿಡಿದು ಮನೆಗೆ ಬಂದ. ಒಂಬತ್ತನೇ ಇಯತ್ತೆಯಲ್ಲಿ ಇವರ ಕೈಯಲ್ಲೇ ಕನ್ನಡಕ್ಕೆ ನಪಾಸಾದವನು. ಈಗ ಸ್ನೇಹಸೇವಾ ಕ್ಲಬ್ಬಿನ ಅಧ್ಯಕ್ಷ.

“ಅಕ್ಕೋರ, ನೀವು ನಮ್ಮ ಕ್ಲಬ್ಬಿಗೆ ಬರಬೇಕ್ರಿ. ನಾಕು ದೊಡ್ಡ ಮಂದಿ ಪರಿಚಯ ಆಗತಾರ. ಸಮಾಜಸೇವಾನೂ ಆಗತೈತಿ, ಪೇಪರಿನ್ಯಾಗ ಹೆಸರೂ ಬರತೈತಿ. ಮ್ಯಾಲ ಆರೋಗ್ಯಕ್ಕೂ ಭಾಳ ಛಲೋ.”

“ಆರೋಗ್ಯಕ್ಕ ಹೆಂಗೋ?”

“ಮನ್ಯಾಗ ಸುಮ್ನ ಕುಂತರ ಬಿಪಿ ಏರತೈತಿ ನೋಡ್ರಿ.”

ಪದಾಧಿಕಾರಿಗಳಲ್ಲಿ ಒಬ್ಬ ಹೆಣ್ಣುಮಗಳಾದರೂ ಇರದಿದ್ದರೆ ಈ ವರ್ಷ ಕ್ಲಬ್ಬಿಗೆ ಯಾವ ಫಲಕವೂ ಸಿಗುವುದಿಲ್ಲವೆಂದು ಮೇಲಿನವರು ಹೇಳಿದ್ದರೆಂಬುದು ಶಿವಲೀಲಾ ಅವರಿಗೆ ತಿಳಿದದ್ದು ಆಮೇಲೆ. ಅಷ್ಟರಲ್ಲಿ ಅವರ ಸೀರೆಗೆ ಕ್ಲಬ್ಬಿನ ಸಹಕಾರ್ಯದರ್ಶಿ ಎಂಬ ಬಿಲ್ಲೆ ಚುಚ್ಚಿಯಾಗಿತ್ತು. ಸುಳ್ಳೇಕೆ, ಮೊದಲ ದಿನ ಆ ಬಿಲ್ಲೆಯನ್ನು ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡಿದ್ದರು.

ಭಾನುವಾರ ಹತ್ತಕ್ಕೆಂದ ಸಭೆ ಹನ್ನೊಂದೂಕಾಲಿಗೆ ಶುರುವಾಯಿತು. ದೊಡ್ಡಬಸಪ್ಪ ಅಧ್ಯಕ್ಷಗಿರಿಯ, ಎತ್ತಿನ ಗೆಜ್ಜೆಸರದಂಥ ಹಿತ್ತಾಳೆಯ ಹಾರವನ್ನು ಕೊರಳಿಗೆ ಹಾಕಿಕೊಂಡು ಗಂಟೆ ಬಾರಿಸಿದ. ಅಧ್ಯಕ್ಷರು ಕಾರ್ಯದರ್ಶಿಯನ್ನು ಸ್ವಾಗತಿಸಿದರು, ಕಾರ್ಯದರ್ಶಿ ಅಧ್ಯಕ್ಷರನ್ನು ಹೊಗಳಿದರು. ಕಳೆದ ಸಭೆಯಲ್ಲಿ ಯಾರು ಯಾರನ್ನು ಹೊಗಳಿದರೆಂಬ ವರದಿ ಓದಲಾಯಿತು. ಒಂದೂವರೆಗೆ ಊಟ. ಊಟ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂತು.

ಕ್ಲಬ್ಬಿನ ಲಾಭವೇನೆಂಬುದು ಒಂದೇ ತಿಂಗಳಲ್ಲಿ ಅವರಿಗೆ ಅರ್ಥವಾಯಿತು. ಸಿಮೆಂಟ್ ವ್ಯಾಪಾರಿ ಕಂಟ್ರಾಕ್ಟರನಿಗೆ ಸಿಮೆಂಟ್ ಹಾಕುತ್ತಿದ್ದ, ಕಂಟ್ರಾಕ್ಟರ್ ಹಲ್ಲಿನ ಡಾಕ್ಟರಿಗೆ ಮನೆ ಕಟ್ಟುತ್ತಿದ್ದ, ಡಾಕ್ಟರ್ ಸಿಮೆಂಟಿನವನ ಹಲ್ಲು ಕೀಳುತ್ತಿದ್ದ. ಮೂವರ ಹೆಂಡಂದಿರೂ ದೊಡ್ಡಬಸಪ್ಪನ ಅಂಗಡಿಯಲ್ಲೇ ಸೀರೆ ಕೊಳ್ಳುತ್ತಿದ್ದರು. ಸೇವೆ ಎಂಬುದು ಮೂವತ್ತು ಮಂದಿಯೊಳಗೇ ಗಾಣದೆತ್ತಿನಂತೆ ಸುತ್ತುತ್ತಿತ್ತು. ಹೊರಗೆ ಹೋಗಲು ಅದಕ್ಕೆ ದಾರಿಯೇ ಇರಲಿಲ್ಲ.

ಹೊರಗೆ ಹೋದದ್ದು ಒಂದು ಹೊಲಿಗೆ ಮಷೀನು. ‘ಸ್ವಾವಲಂಬನ’ ಎಂಬ ಯೋಜನೆ: ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ನಾಲ್ಕೂ ಊರುಗಳಲ್ಲಿ ಒಬ್ಬೊಬ್ಬ ಬಡ ಹೆಣ್ಣುಮಗಳಿಗೆ ಒಂದೊಂದು ಮಷೀನು. ನಿರೂಪಣೆಯ ಕೆಲಸ ಶಿವಲೀಲಾ ಅವರದು. ಕೊಪ್ಪಳದಲ್ಲಿ ಕಾರ್ಯಕ್ರಮ ಚೆನ್ನಾಗಿ ಆಯಿತು, ಕುಷ್ಟಗಿಯಲ್ಲಿ ಇನ್ನೂ ಚೆನ್ನಾಗಿ ಆಯಿತು. ಎರಡರ ಫೋಟೋಗಳಲ್ಲೂ ಮಷೀನನ್ನು ಹನ್ನೆರಡು ಗಂಡಸರು ಮುಟ್ಟಿಕೊಂಡು ನಿಂತಿದ್ದರು. ಅದನ್ನು ಪಡೆದವಳು ಎಲ್ಲಿದ್ದಾಳೆಂದು ಹುಡುಕಬೇಕಿತ್ತು.

ಯಲಬುರ್ಗಾದಲ್ಲಿ ಮಷೀನು ಪಡೆದವಳು ಹುಲಿಗವ್ವ. ಹೊಲದ ಕೂಲಿಗೆ ಹೋಗುತ್ತಲೇ ಸಂಜೆ ಹೊಲಿಗೆ ಕಲಿತವಳು. ಎರಡು ಮಾತು ಕೃತಜ್ಞತೆ ಹೇಳಬೇಕೆಂದು ಶಿವಲೀಲಾ ಅವರೇ ಅವಳಿಗೆ ಪಾಠ ಮಾಡಿ, ಮೂರು ಸಲ ಬಾಯಿಪಾಠ ಒಪ್ಪಿಸಿಕೊಂಡಿದ್ದರು. ಕಾರ್ಯಕ್ರಮ ಮುಗಿಸಿ ಹೊರಗೆ ಬಂದು ನೋಡಿದರೆ, ಕಾರ್ಯದರ್ಶಿ ಪಂಪಾಪತಿ ಮಷೀನನ್ನು ತನ್ನ ಜೀಪಿನ ಹಿಂದಕ್ಕೆ ಎತ್ತಿಸುತ್ತಿದ್ದ. ಹುಲಿಗವ್ವ ಕೈಯಲ್ಲಿ ಒಂದು ತೆಂಗಿನಕಾಯಿ, ಹೆಗಲ ಮೇಲೊಂದು ಶಾಲು ಹೊತ್ತು ಗೇಟಿನ ಬಳಿ ನಿಂತಿದ್ದಳು.

“ಪಂಪಾಪತಿ, ಅದನ್ನ ಎಲ್ಲಿಗೆ ಒಯ್ಯಾಕತ್ತೀರಿ?”

“ಗಂಗಾವತಿಗೆ ಬೇಕಲ್ರಿ ಮೇಡಂ. ಇದು ಸಾಂಕೇತಿಕ ವಿತರಣೆ. ಮಷೀನು ಆಮ್ಯಾಲ ಬರತೈತಿ.”

“ಕೊಪ್ಪಳದಾಕಿಗೆ ಬಂತೇನು?”

“ಬರತೈತ್ರಿ.”

“ಕುಷ್ಟಗಿಯಾಕಿಗೆ?”

“ಆಕೀಗೂ ಬರತೈತ್ರಿ. ಏನು ಅವಸರ ಐತಿ?”

ಜನ್ಮವಿಡೀ ಮಕ್ಕಳಿಗೆ ಉಪಮೆ, ರೂಪಕ, ಉತ್ಪ್ರೇಕ್ಷೆಗಳನ್ನು ಕಲಿಸಿದ್ದ ಶಿವಲೀಲಾ ಅವರಿಗೆ, ಕಬ್ಬಿಣದ ಮಷೀನೊಂದು ಹೀಗೆ ಬರೀ ಅಲಂಕಾರವಾಗಬಹುದೆಂದು ಎಂದೂ ಹೊಳೆದಿರಲಿಲ್ಲ. ಹುಲಿಗವ್ವನ ಮುಖ ನೋಡಲಾಗದೆ ಕಾರು ಹತ್ತಿದರು. ಮೋಸ ಕ್ಲಬ್ಬಿನವರದಿರಬಹುದು, ಆದರೆ ಆ ಹೆಣ್ಣುಮಗಳ ಬಾಯಿಂದ “ನಿಮ್ಮ ಉಪಕಾರ ಮರೆಯಂಗಿಲ್ರಿ” ಎಂದು ಹೇಳಿಸಿದವರು ತಾವೇ ತಾನೇ?

ಗಂಗಾವತಿಯ ಕಾರ್ಯಕ್ರಮಕ್ಕೆ ಹುಬ್ಬಳ್ಳಿಯಿಂದ, ಸುತ್ತಲ ಜಿಲ್ಲೆಗಳ ಕ್ಲಬ್ಬುಗಳಿಗೆಲ್ಲ ಹಿರಿಯರಾದ ಗವರ್ನರ್ ಬಂದಿದ್ದರು. ಹೆಸರಿಗೆ ಗವರ್ನರ್, ಕಸುಬು ಪೈಪಿನ ವ್ಯಾಪಾರ. ಈ ಸಲ ಮಷೀನು ಪಡೆಯುವವಳು ಶಹನಾಜಬೇಗಂ, ಒಂದಿಡೀ ಓಣಿಯ ಹೆಂಗಸರಿಗೆ ಬಾಡಿಗೆ ಮಷೀನಿನಲ್ಲಿ ಕುಪ್ಪಸ ಹೊಲಿದುಕೊಡುವ ಗಟ್ಟಿಗಿತ್ತಿ. ಹಿಂದಿನ ಊರುಗಳ ಮೂವರೂ ಬರಿಗೈಯಲ್ಲಿ ಬಂದಿದ್ದರೆ ಇವಳು ಸೂಜಿ, ದಾರದ ಉಂಡೆ, ಒಂದು ತುಂಡು ಬಟ್ಟೆ ತಂದಿದ್ದಳು. ಫೋಟೋ ತೆಗೆಯುವವನು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿರುವಾಗ ಅವಳು ಮಷೀನಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

“ತಡೀರಿ, ನಾಕು ಹೊಲಿಗಿ ಹಾಕಿ ನೋಡತೀನಿ.”

“ಅದೆಲ್ಲ ಆಮ್ಯಾಲ ನೋಡವಂತಿ, ಏಳವ್ವ,” ಎಂದ ದೊಡ್ಡಬಸಪ್ಪ.

“ಹೊಲೀಲಿ, ಹೊಲೀಲಿ!” ಎಂದರು ಗವರ್ನರು, ತುಂಬಿದ ಸಭೆಯತ್ತ ನಗುತ್ತ. “ಸ್ವಾವಲಂಬನೆ ಅಂದ್ರ ಇದು!”

ಶಹನಾಜಬೇಗಂ ಸೂಜಿ ಹಾಕಿ, ದಾರ ಪೋಣಿಸಿ, ಕೆಳಗಿನ ತಗಡು ಸರಿಸಿ ಬಗ್ಗಿ ನೋಡಿದಳು. ಮತ್ತೆ ನೋಡಿದಳು. ಆಮೇಲೆ ಅಲ್ಲಿಂದಲೇ, ಮೈಕಿಗೂ ಕೇಳುವಂತೆ ಹೇಳಿದಳು: “ಇದರಾಗ ಬಾಬಿನ್ ಇಡೋ ಡಬ್ಬೀನ ಇಲ್ಲಲ್ರಿ ಸಾವ್ಕಾರ್ರ! ಪಟ್ಟಾನೂ ಇಲ್ಲ. ಗಾಲಿ ತಿರುಗೋದು ಹೆಂಗ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಬಸಪ್ಪ ಹಿತ್ತಾಳೆ ಹಾರದೊಳಗೆ ಬೆರಳು ತೂರಿಸಿ ಕೊರಳು ಒರೆಸಿಕೊಂಡ. “ಅವನ್ನ ಆಮ್ಯಾಲ ಕಳಸ್ತೀವಿ. ಮೊದಲು ಫೋಟೋ ಆಗಲಿ.”

“ಅವು ಬಂದ ಮ್ಯಾಲ ಫೋಟೋ ತೆಗೀರಿ ಹಂಗಾದ್ರ,” ಎಂದಳು ಶಹನಾಜಬೇಗಂ.

ಈಗ ಸಭೆಯೇ ನಕ್ಕಿತು. ಮೈಕು ಶಿವಲೀಲಾ ಅವರ ಕೈಯಲ್ಲಿತ್ತು. ಪಂಪಾಪತಿ ಜೀಪಿನ ಕಡೆ ನಡೆಯುವುದನ್ನು ಕಂಡು, ಬೆಳಗಿನ ಪ್ರಾರ್ಥನೆಗೆ ತಡವಾಗಿ ಬಂದವರನ್ನು ನಿಲ್ಲಿಸುತ್ತಿದ್ದ ಆ ಹಳೆಯ ದನಿಯಲ್ಲಿ ಅವರು ಘೋಷಿಸಿದರು: “ಬಾಬಿನ್ ಡಬ್ಬಿ, ಪಟ್ಟಾ ಎರಡನ್ನೂ ಹಾಕಿಸಿ, ಮಷೀನನ್ನು ಈ ಕ್ಷಣವೇ ಶಹನಾಜಬೇಗಂ ಅವರ ಮನೆಗೆ ಮುಟ್ಟಿಸಲಾಗುವುದು. ಮಾನ್ಯ ಗವರ್ನರ್ ಸಾಹೇಬರು ಸ್ವತಃ ಆಟೋದವರೆಗೆ ಬಂದು ಬೀಳ್ಕೊಡುತ್ತಾರೆ. ಚಪ್ಪಾಳೆ!”

ಚಪ್ಪಾಳೆ ಬಿದ್ದ ಮೇಲೆ ಗವರ್ನರ್ ಏಳಲೇಬೇಕಾಯಿತು. ಗವರ್ನರ್ ಎದ್ದ ಮೇಲೆ ಉಳಿದವರೂ ಏಳಬೇಕಾಯಿತು. ಮಷೀನು ಆಟೋ ಏರಿತು. ಶಿವಲೀಲಾ ಅವರೂ ಏರಿ ಕೂತರು. ದಾರಿಯಲ್ಲಿ ಪಟ್ಟಾ, ಡಬ್ಬಿ ಕೊಡಿಸಿದರು. ಶಹನಾಜಬೇಗಂ ಅನುಮಾನದಿಂದಲೇ ಕೇಳಿದಳು: “ಅಕ್ಕೋರ, ಇದು ನಿಮ್ಮ ಸ್ವಂತ ಮಷೀನೇನ್ರಿ?”

“ಅಲ್ಲವ್ವ. ಇವತ್ತಿನ ತನಕ ಯಾರದೂ ಆಗಿರಲಿಲ್ಲ.”

ಮುಂದಿನ ಸಭೆಯಲ್ಲಿ ತಮ್ಮನ್ನು ಬೈಯುತ್ತಾರೆಂದು ಶಿವಲೀಲಾ ಉತ್ತರ ಸಿದ್ಧಮಾಡಿಕೊಂಡೇ ಹೋದರು. ಬೈಗುಳವೇ ಬರಲಿಲ್ಲ. ಗವರ್ನರಿಗೆ ಕಾರ್ಯಕ್ರಮ ಬಹಳ ಹಿಡಿಸಿತ್ತಂತೆ. ಅತ್ಯುತ್ತಮ ಯೋಜನೆಯ ಫಲಕ ಕೊಪ್ಪಳಕ್ಕೇ ಬಂದಿತ್ತು. ದೊಡ್ಡಬಸಪ್ಪ ಅದನ್ನು ತಲೆಯ ಮೇಲಕ್ಕೆತ್ತಿ ತೋರಿಸಿ, “ಅಕ್ಕೋರನ್ನ ಈಗಲೇ ಉಪಾಧ್ಯಕ್ಷರನ್ನಾಗಿ ಮಾಡೂಣ್ರಿ,” ಎಂದ.

ಶಿವಲೀಲಾ ಎದ್ದರು. “ಉಳಿದ ಮೂರು ಮಂದೀಗೆ ಮಷೀನು ಯಾವಾಗ, ಬಸಪ್ಪಾ?”

ದೊಡ್ಡಬಸಪ್ಪ ಗಂಟೆ ಬಾರಿಸಿದ. “ಊಟ ಆರತೈತ್ರಿ, ಬರ್ರಿ ಎಲ್ಲಾರೂ.” ಮೂವತ್ತು ಕುರ್ಚಿಗಳು ಒಮ್ಮೆಲೇ ಸರಿದವು.

ಅವರು ಉಣ್ಣದೆ ಮನೆಗೆ ಬಂದು ಮೂರು ಫೋನು ಮಾಡಿದರು.

ಲಗ್ನದ ದಿನಗಳು. ಗುರುವಾರ ದೊಡ್ಡಬಸಪ್ಪನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿಣಿಗೇರಾದ ಒಂದು ಬೀಗರ ಗುಂಪು, ಮುನಿರಾಬಾದಿನ ಇನ್ನೊಂದು ಗುಂಪು, ಗಾದಿಯ ಮೇಲೆ ರಾಶಿ ರಾಶಿ ಜರತಾರಿ. ಅದರ ನಟ್ಟನಡುವೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಮೂರು ಹೆಣ್ಣುಮಕ್ಕಳು ಬಂದು ಕೂತರು. ಹಿಂದೆಯೇ ಬಂದ ಶಿವಲೀಲಾ ಸ್ಟೂಲಿನ ಮೇಲೆ ಕೂತರು.

“ಏನು ತೋರಸ್ಲೆವ್ವ?” ಎಂದ ದೊಡ್ಡಬಸಪ್ಪ, ಗುರುತು ಹಿಡಿಯದೆ.

ಹುಲಿಗವ್ವ ಸೆರಗಿನೊಳಗಿಂದ ಪೇಪರಿನ ತುಂಡು ತೆಗೆದು ಗಾದಿಯ ಮೇಲೆ ಹಾಸಿದಳು. “ಸೀರಿ ಬ್ಯಾಡ್ರಿ ಸಾವ್ಕಾರ್ರ. ಮಷೀನು ಒಯ್ಯಾಕ ಬಂದೀವಿ. ನಮಗ ಕೊಟ್ಟೀರಿ ಅಂತ ಇದರಾಗ ಬರದಾರ.”

ಉಳಿದಿಬ್ಬರೂ ತಮ್ಮ ತಮ್ಮ ಪೇಪರು ಹಾಸಿದರು. ಬೀಗರ ಗುಂಪಿನ ಮುದುಕಿಯೊಬ್ಬಳು ಕನ್ನಡಕ ಏರಿಸಿ ಮೂರರ ಫೋಟೋಗಳನ್ನೂ ನೋಡಿದಳು. “ಅಯ್ಯ, ಮೂರರಾಗೂ ಅದ ಪಟ್ಟಾ ಇಲ್ಲದ ಮಷೀನು ಐತಲ್ಲ!”

“ಅಕ್ಕೋರ, ಒಳಗ ಬರ್ರಿ, ಚಾ ಕುಡಿಯೂಣು,” ಎಂದು ದೊಡ್ಡಬಸಪ್ಪ ಪಿಸುಗುಟ್ಟಿದ.

“ನಂಗ ಚಾ ಬ್ಯಾಡೋ. ನೀ ಪರೀಕ್ಷಾದಾಗ ನಕಲು ಹೊಡದಾಗ ಎಲ್ಲಾರ ಮುಂದ ನಿಂದ್ರಿಸಿದ್ನಿ, ನೆನಪೈತಿಲ್ಲೋ?”

ಒಂದು ತಾಸಿನೊಳಗೆ ಮೂರು ಹೊಸ ಮಷೀನುಗಳು ಬಂದವು. ಬಂದವೋ ಇಲ್ಲವೋ, ದೊಡ್ಡಬಸಪ್ಪನ ಮುಖ ಮತ್ತೆ ಅರಳಿತು. ಅಂಗಡಿಯ ಬಾಗಿಲಲ್ಲೇ ನಿಂತು ಫೋಟೋದವನಿಗೆ ಫೋನು ಮಾಡಿದ. ನಾಚಿಕೆ ಅವನಿಗೆ ಆಗಲಿಲ್ಲವೆಂದಲ್ಲ. ಆಯಿತು, ಕಾಲು ತಾಸಿನಲ್ಲಿ ಜೀರ್ಣವೂ ಆಯಿತು. ಮರುದಿನದ ಪೇಪರಿನಲ್ಲಿ ‘ಸ್ವಾವಲಂಬನ ಎರಡನೇ ಹಂತ’ ಎಂದು ಸುದ್ದಿ ಬಂತು. ಶಿವಲೀಲಾ ಫೋಟೋದಲ್ಲಿರಲಿಲ್ಲ. ಹೊರಗಿನೂರಿನ ಎರಡು ಮಷೀನುಗಳನ್ನು ಬಸ್ಸಿನ ಮೇಲೇರಿಸಲು ಜಾಗ ಕೇಳಿಡಲೆಂದು ಆಗಲೇ ಬಸ್‌ಸ್ಟ್ಯಾಂಡಿಗೆ ಹೋಗಿದ್ದರು.

ಹದಿನೈದು ದಿನಕ್ಕೆ ಪಂಪಾಪತಿಯ ಸಹಿಯ ಪತ್ರ ಬಂತು. ಸಂಸ್ಥೆಯ ಘನತೆಗೆ ಧಕ್ಕೆ ತಂದದ್ದಕ್ಕಾಗಿ ಅವರ ಸದಸ್ಯತ್ವ ರದ್ದು. ರಾಜೀನಾಮೆ ಬರೆಯುವ ಶ್ರಮವನ್ನು ಕ್ಲಬ್ಬಿನವರೇ ಉಳಿಸಿದರೆಂದು ಶಿವಲೀಲಾ ಬಾಯಿ ತುಂಬ ನಕ್ಕರು.

ಆ ಭಾನುವಾರ ಯಲಬುರ್ಗಾ ಬಸ್ಸು ಹತ್ತಿದರು. ಮನೆಯ ಮುಂದಿನ ಪಡಸಾಲೆಯಲ್ಲಿ ಹೊಲಿಗೆ ಶುರುಮಾಡಿದ್ದ ಹುಲಿಗವ್ವ, ಒಂದು ಬೋರ್ಡು ಬರೆದುಕೊಡಿರೆಂದು ಕರೆದಿದ್ದಳು. ಕ್ಲಬ್ಬಿನವರೂ ಹೇಳಿಕಳಿಸಿದ್ದರಂತೆ: ಮೇಲೆ ತಮ್ಮ ಹೆಸರು, ಅಧ್ಯಕ್ಷರ ಹೆಸರು ದಪ್ಪಕ್ಷರದಲ್ಲಿರಬೇಕು.

“ಏನಂತ ಹೇಳಿ ಕಳಸಿದಿ?” ಎಂದು ಶಿವಲೀಲಾ ಕುಂಚ ಅದ್ದುತ್ತ ಕೇಳಿದರು.

ಹುಲಿಗವ್ವ ಮಷೀನು ತುಳಿಯುವುದನ್ನು ನಿಲ್ಲಿಸಲಿಲ್ಲ. “ಬೋರ್ಡು ಸಣ್ಣದೈತ್ರಿ, ನನ್ನ ಹೆಸರಿಗಷ್ಟ ಜಾಗ ಐತಿ ಅಂದೆ.”