ಒಂಬತ್ತು ಮಂದಿಯ ಕಾರಖಾನೆ

"ಕೆಲಸ ಇದ್ದವರದಷ್ಟ ಕೆಲಸ ಹೋಗತೈತಿ ಯವ್ವಾ. ನಿಮಗ ಕೆಲಸಾನ ಇದ್ದಿಲ್ಲ. ಇಲ್ಲದ್ದು ಎಲ್ಲಿಂದ ಹೋಗಬೇಕು?"

ಬೆಳಗಾವಿಯ ಕಾರ್ಮಿಕ ವಿಮಾ ಕಚೇರಿಯ ಗಾಜಿನ ಆಚೆ ಕೂತಿದ್ದ ಗುಮಾಸ್ತ ಇಷ್ಟು ಹೇಳಿ ನೀಲಾಳ ಆಧಾರ್ ಕಾರ್ಡನ್ನು ಕಿಂಡಿಯಿಂದ ಹೊರಗೆ ತಳ್ಳಿದ. ಕಾರ್ಡು ಜಾರಿ ನೆಲಕ್ಕೆ ಬಿತ್ತು. ನೀಲಾ ಬಗ್ಗಿ ಎತ್ತಿಕೊಂಡಳು. ಕೆಲಸ ನಿಂತು ಮೂರು ತಿಂಗಳಾಗಿದ್ದರೂ ಅವಳ ಉಗುರಿನ ಸಂದಿಯ ಹಳದಿ ಇನ್ನೂ ಹೋಗಿರಲಿಲ್ಲ.

ಅವಳ ಅತ್ತೆ ಬಾಯವ್ವ ಮುಂದೆ ಬಂದು ಕಿಂಡಿಗೆ ಬಾಯಿ ಹಚ್ಚಿದಳು. "ಸಾಹೇಬ್ರ, ಇಲ್ಲಿ ಕೇಳ್ರಿ" ಎಂದು ಕರುಳು ಕಿತ್ತು ಬರುವಂತೆ ಕೆಮ್ಮಿದಳು. ಗುಮಾಸ್ತ ಕುರ್ಚಿ ಸಮೇತ ಹಿಂದೆ ಸರಿದ. "ಕೆಲಸ ಇದ್ದಿಲ್ಲಂದ್ರ ಈ ಕೆಮ್ಮ ಎಲ್ಲಿಂದ ಬಂತು? ನಿಮ್ಮ ಕಂಪ್ಯೂಟರದಾಗ ನೋಡಿ ಹೇಳ್ರಲಾ."

ಸಾಲಿನಲ್ಲಿ ನಿಂತವರು ನಕ್ಕರು. ಗುಮಾಸ್ತನ ಮುಖ ಕೆಂಪಾಯಿತು. "ನಿಮ್ಮ ಮಾಲಕ ಒಂಬತ್ತ ಮಂದಿ ಅದಾರಂತ ಬರಕೊಟ್ಟಾನ. ಹತ್ತ ಆದ್ರ ಕಾರಖಾನಿ ನಮ್ಮಲ್ಲಿ ನೋಂದಣಿ ಆಗಬೇಕು, ಎಲ್ಲಾರ ಹೆಸರಿನ ಮ್ಯಾಲೂ ಅಂವ ವಿಮಾ ತುಂಬಬೇಕು. ಒಂಬತ್ತಕ್ಕ ಏನೂ ಇಲ್ಲ. ಅಂವ ಶಾಣ್ಯಾ ಅದಾನ, ನೀವು ಖೋಡಿಗೋಳ ಅದೀರಿ. ಮುಂದಿನವರು ಬರ್ರಿ."

"ನಾವು ಇಪ್ಪತ್ತರ ಮ್ಯಾಲ ಅದೇವಲ್ರಿ!" ಎಂದಳು ನೀಲಾ.

"ಹಂಗಾರ ಅರ್ಜಿ ಬರದ ಕೊಡು. ಇನ್ಸ್‌ಪೆಕ್ಟರ ಬಂದ ನೋಡತಾರ. ಮಾಲಕಗ ಗೊತ್ತಾಗಿ ನಿನ್ನ ಕೆಲಸ ಹೋತಂದ್ರ ಮಾತ್ರ ನನ್ನ ಹೆಸರ ತಗೀಬ್ಯಾಡ."

"ಇಲ್ಲದ್ದು ಹೋಗೂದಿಲ್ಲಂತ ಈಗರ ಅಂದ್ರಲಾ" ಎಂದು ನೀಲಾ ಕಿಂಡಿಯೊಳಗೆ ಕೈಯಿಟ್ಟು ಅವನ ಪೆನ್ನನ್ನೇ ಕೇಳಿದಳು.

ಉಗರಗೋಳದ ಅಂಚಿನಲ್ಲಿ, ಯಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯ ಮೇಲೆ, ವಿರೂಪಾಕ್ಷ ಸಾವುಕಾರನ ಭಂಡಾರದ ಕಾರಖಾನೆಯಿತ್ತು. ಗುಡ್ಡಕ್ಕೆ ಬಂದವರು ದೇವಿಗೆ ತೂರಿ ಹಣೆತುಂಬ ಬಳಿದುಕೊಳ್ಳುವ ಹಳದಿ ಪುಡಿ ತಯಾರಾಗುತ್ತಿದ್ದುದು ಅಲ್ಲಿ. ಅರಿಷಿಣ ತುಸು, ಮೆಕ್ಕೆಜೋಳದ ಹಿಟ್ಟು ಬಹಳ, ಬಣ್ಣ ಬೇಕಾದಷ್ಟು. ಬೀಸುವವರು, ಸಾಣಿಸುವವರು, ಪಾಕೀಟು ತುಂಬುವವರು ಎಲ್ಲ ಹೆಂಗಸರು. ಹೆಂಗಸರೆಲ್ಲ ಊರ ಹೊರಗಿನ ಕೇರಿಯವರು. ಪಾಕೀಟಿನ ಮೇಲೆ ಮಾತ್ರ ಕೆಂಪು ಅಕ್ಷರದಲ್ಲಿ 'ಮಡಿಯಿಂದ ತಯಾರಿಸಿದ್ದು' ಎಂದು ಅಚ್ಚಾಗಿತ್ತು. ಗುಡ್ಡದ ಅಂಗಡಿಕಾರರು ಮಾಲು ಒಯ್ಯಲು ಬಂದರೆ ಮ್ಯಾನೇಜರ್ ನಿಂಗರಾಜ ಸಿಳ್ಳು ಹಾಕುತ್ತಿದ್ದ. ಕೂಡಲೇ ಹೆಂಗಸರು ಹಿಂದಿನ ಗೋದಾಮಿಗೆ ಹೋಗಿ ಅವಿತುಕೊಳ್ಳಬೇಕು. "ನಡೀರೆ, ಕೋಳಿ ಗೂಡ ಸೇರೂ ಹೊತ್ತಾತು" ಎಂದು ಬಾಯವ್ವ ಎಲ್ಲರನ್ನೂ ನಗಿಸುತ್ತ ಮುಂದಾಗುತ್ತಿದ್ದಳು.

ಮಳೆಗಾಲದಲ್ಲಿ ಬೀಸುವ ಯಂತ್ರದ ಮೋಟಾರು ಸುಟ್ಟಿತು. ಹೇಗೂ ಗುಡ್ಡಕ್ಕೆ ಜನ ಕಡಿಮೆ ಎಂದು ಸಾವುಕಾರ ಬಾಗಿಲು ಹಾಕಿ, "ಕರದಾಗ ಬರ್ರಿ" ಎಂದಿದ್ದ. ನೀಲಾಳ ಗಂಡ ಬಾಳು ಮುನವಳ್ಳಿಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮನೆಯ ಒಲೆ ಹೇಗೋ ಉರಿಯುತ್ತಿತ್ತು. ಹಾಗಿರುವಾಗ ಬೈಲಹೊಂಗಲದ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದ ಅವಳ ಅಣ್ಣ ಸುನೀಲ ಬಂದಿದ್ದ. ಹೋದ ವರ್ಷ ಅವನ ಗಿರಣಿ ನಿಂತಾಗ, ಮಾಲೀಕ ವಿಮೆ ತುಂಬಿದ್ದರಿಂದ, ಸರಕಾರದಿಂದ ಅರ್ಧ ಪಗಾರ ಬಂದಿತ್ತಂತೆ. "ಮನ್ಯಾಗ ಕುಂತವಗ ಪಗಾರ?" ಎಂದು ಬಾಯವ್ವ ಬೆರಗಾದಳು. "ಅಳಿಯದೇವರ ಜನ್ಮ ಅಂದ್ರ ಇದ ನೋಡಪಾ!" ಆ ಮಾತಿನ ಬೆನ್ನು ಹತ್ತಿಯೇ ಅತ್ತೆ ಸೊಸೆ ಬೆಳಗಾವಿಯ ಕಿಂಡಿಯ ಮುಂದೆ ಹೋಗಿ ನಿಂತದ್ದು.

ಅರ್ಜಿ ಕೊಟ್ಟು ಬಂದ ಮೇಲೆ, ಅದರ ವಿಷಯ ಬಾಯಿ ಬಿಡದೆ, ಒಂದು ಸಲ ಸಾವುಕಾರನನ್ನೇ ಕೇಳಿ ನೋಡೋಣ ಎಂದು ನಾಲ್ಕಾರು ಹೆಂಗಸರು ಅವನ ಮನೆಗೆ ಹೋದರು. ಸಾವುಕಾರ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದ. ಇವರು ಅಂಗಳದ ಬಿಸಿಲಿನಲ್ಲಿ ನಿಂತರು.

"ಹೆಸರ ಹಚ್ಚಬೇಕಾ?" ಸಾವುಕಾರ ನಕ್ಕ. ಸಿಟ್ಟಿಲ್ಲದ ನಗು, ಕೂಸಿನ ಮಾತಿಗೆ ನಕ್ಕ ಹಾಗೆ. "ಸರಕಾರದ ಕಾಗದದಾಗ ನಿಮ್ಮ ಹೆಸರ ಹಚ್ಚಿ, ನಾಳೆ ಯಾಂವರ ಗುಡ್ಡದಾಂವ ಓದಿದನಂದ್ರ ನನ್ನ ಭಂಡಾರ ಯಾಂವ ಕೊಳ್ಳತಾನ? ಯಾಂವ ಹಣಿಗಿ ಹಚ್ಕೋತಾನ? ಹೊಲಗೇರಿ ಹೆಸರಿಗಿ ಬೋರ್ಡ್ ಬ್ಯಾರೆ ಬೇಕಾ?"

"ನಾವ ಕೈಲಿ ತುಂಬಿದ್ದನ್ನ ಹಚ್ಕೋತಾರಲ್ರಿ" ಎಂದಳು ನೀಲಾ.

"ಗೊತ್ತಿಲ್ದ ಹಚ್ಕೋತಾರವಾ. ಅದಕ್ಕ ದೋಷ ಇಲ್ಲ." ಅವನು ಬೆರಳು ನೆಕ್ಕಿದ. "ಇದನ್ನ ಪಗಾರ ಅನಬ್ಯಾಡ್ರಿ. ತಾಯಿ ಸೇವಾ ಅಂತ ತಿಳೀರಿ. ಸೇವಾ ಮಾಡಾವ್ರು ಹೆಸರ ಕೇಳತಾರೇನು?"

ಬಾಯವ್ವ ಸೆರಗಿನಿಂದ ಬೆವರು ಒರೆಸಿಕೊಂಡಳು. "ಖರೇ ಮಾತ್ರಿ ಸಾವ್ಕಾರ್ರ. ತಾಯಿ ದಯಾ ದೊಡ್ಡದು. ಒಂದ ಸೇವಾಕ್ಕ ನಿಮಗ ಮಹಡಿ ಮ್ಯಾಲ ಮಹಡಿ ಕೊಟ್ಲು, ನಮಗ ಕೆಮ್ಮಿನ ಮ್ಯಾಲ ಕೆಮ್ಮ ಕೊಟ್ಲು."

"ಬಾಯಿ ಬಾಳ ಆತು ಮುದುಕಿ. ನಡೀರಿ ಹೊರಗ! ಏ, ಅವರ ನಿಂತಲ್ಲಿ ನೀರ ಹೊಡೀರಿ" ಎಂದು ಸಾವುಕಾರ ಒಳಗೆ ಕೂಗಿದ. ಗೇಟಿನವರೆಗೂ ಅವರ ಹಿಂದೆ ನೀರು ಚೆಲ್ಲುವ ಸದ್ದು ಬಂತು.

ಹುಣಸೆಮರದ ತನಕ ನಡೆದ ಮೇಲೆ ಬಾಯವ್ವನೇ ಶುರು ಮಾಡಿದಳು. "ಹಾಟ್ಯಾನ ಮಗ. ಅಂಗಳ ತೊಳದಾ, ಛಲೋ ಆತು. ನಾಕ ದಿನದಿಂದ ಯಾರೂ ಕಸಾ ಹೊಡದಿರಲಿಲ್ಲ." ಮೊದಲು ಜೊತೆಗಿದ್ದ ದೇವಕ್ಕ ನಕ್ಕಳು, ಆಮೇಲೆ ಎಲ್ಲರೂ.

ದೀಪಾವಳಿ ಮುಗಿಯಿತು. ಜಾತ್ರೆ ಕೂಡುವ ಹೊಸ್ತಿಲ ಹುಣ್ಣಿಮೆ ಹತ್ತಿರ ಬರುತ್ತಲೇ ಗುಡ್ಡಕ್ಕೆ ಭಂಡಾರ ಸಾಲದಾಯಿತು. ಸಾವುಕಾರ ಹೊಸ ಮೋಟಾರು ಹಾಕಿಸಿ, ನಿಂಗರಾಜನನ್ನು ಕೇರಿಗೆ ಕಳಿಸಿ, ಎಲ್ಲರನ್ನೂ ಕರೆಸಿಕೊಂಡ. ಅರ್ಜಿಯನ್ನು ಯಾವುದೋ ಇಲಿ ತಿಂದಿರಬೇಕು ಎಂದು ನೀಲಾ ಮರೆಯತೊಡಗಿದ್ದಳು.

ಒಂದು ದಿನ ಹನ್ನೊಂದರ ಸುಮಾರಿಗೆ ನಿಂಗರಾಜ ಸಿಳ್ಳು ಹಾಕುವುದನ್ನೂ ಮರೆತು ಓಡಿ ಬಂದ. "ಏಳ್ರೆ ರಂಡ್ಯಾರ, ಗೋದಾಮಿಗಿ! ಬೆಳಗಾವಿ ಸಾಹೇಬ ಯರಗಟ್ಟಿ ದಾಟ್ಯಾನಂತ!" ಅವನ ಹಿಂದೆಯೇ ಸಾವುಕಾರನ ಹೆಂಡತಿ, ತಂಗಿ, ಅಳಿಯಂದಿರು ಜೀಪಿನಿಂದ ಇಳಿದರು. ಕಾಗದದಲ್ಲಿದ್ದ ಒಂಬತ್ತು ಮಂದಿ ಅವರೇ. ಸಾವುಕಾರ್ತಿ ಜರಿ ಸೀರೆಯ ಅಂಚನ್ನು ಎತ್ತಿ ಹಿಡಿದು, ಮೂಗಿಗೆ ಕರವಸ್ತ್ರ ಒತ್ತಿ, ನೀಲಾ ಕೂರುತ್ತಿದ್ದ ಮಣೆಯ ಮೇಲೆ ಮದುಮಗಳ ಹಾಗೆ ಕೂತಳು.

ಹೆಂಗಸರನ್ನು ಚೀಲಗಳ ನಡುವೆ ತುರುಕಿ ನಿಂಗರಾಜ ಶಟರ್ ಎಳೆದ. ಕತ್ತಲು. ಗಡಿಬಿಡಿಯಲ್ಲಿ ಯಾರದೋ ಕಾಲು ತಾಗಿ ಒಂದು ಚೀಲ ಒಡೆಯಿತು. ಪುಡಿ ಮೇಲೆದ್ದು ಕಣ್ಣು, ಮೂಗು, ಕೂದಲು ಎಲ್ಲ ತುಂಬಿತು. ಎಲ್ಲರೂ ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮು ನುಂಗಿದರು.

ಹೊರಗಿನ ಮಾತು ಶಟರಿನ ತಗಡಿನ ಮೂಲಕ ಸ್ಪಷ್ಟವಾಗಿ ಕೇಳುತ್ತಿತ್ತು. ತಟ್ಟೆಯ ಸದ್ದು, ಕರದಂಟು ಮುರಿಯುವ ಸದ್ದು.

"ಎಲ್ಲಾ ಮನಿ ಮಂದೀನರಿ ಸಾಹೇಬ್ರ. ಮಡಿ ಕೆಲಸ ನೋಡ್ರಿ, ಹೊರಗಿನವರನ್ನ ಹಚ್ಚಾಂಗಿಲ್ಲ" ಎಂಬುದು ಸಾವುಕಾರನ ದನಿ.

"ನನಗೇನೋ ಕಾಣೂದು ಒಂಬತ್ತ ಮಂದೀನ" ಎಂದ ಇನ್ಸ್‌ಪೆಕ್ಟರ್ ಬಾಯಿ ತುಂಬಿಕೊಂಡೇ. "ಆದ್ರ ಒಂದ ಅರ್ಜಿ ಬಂದೈತಿ. ನೀಲಾ ಬಾಳು ಕಾಂಬಳೆ ಅಂತ. ಯಾರೀಕಿ?"

ಹೊರಗೆ ತಟ್ಟೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಸಾವುಕಾರನ ನಗು. "ಯಾವಾಕ್ಯೋ ಹುಚ್ಚಿ ಇರಬೇಕ್ರಿ. ಗುಡ್ಡದಾಗ ಹುಚ್ಚರಿಗೇನ ಕಮ್ಮಿ? ನೀವು ಇನ್ನೊಂದ ತುಂಡ ತಗೋರಿ."

ಕತ್ತಲಲ್ಲಿ ನೀಲಾ ಕಿವಿಗೊಟ್ಟು ಕೂತಿದ್ದಳು. ಹೆಸರು ಸಾವುಕಾರನ ಕಿವಿಗೆ ಬಿತ್ತು. ತನ್ನ ಕೆಲಸ ಈಗಲೇ ಹೋಯಿತು. ಭಯ ಅಷ್ಟು ಪೂರ್ತಿ ಬಂದುಬಿಟ್ಟಿತಲ್ಲ, ಅದರ ಹಿಂದೆಯೇ ಒಂದು ಹಗುರತನ ಬಂತು. ಇನ್ನು ಹೋಗುವುದಕ್ಕೆ ಅವಳಲ್ಲಿ ಏನೂ ಉಳಿದಿರಲಿಲ್ಲ. ಅವಳು ಎದ್ದಳು.

ಪಕ್ಕದಲ್ಲಿದ್ದ ರಾಚವ್ವ ಅವಳ ಸೆರಗು ಹಿಡಿದು ಜಗ್ಗಿದಳು. "ಬ್ಯಾಡ ನನ್ನವ್ವಾ. ಈ ಹುಣ್ಣಿವಿ ಕೆಲಸಾರ ಸಿಗಲಿ. ನನ್ನ ಮಗಳ ಬಾಣಂತಿ ಮನ್ಯಾಗ ಅದಾಳ." ರಾಚವ್ವ ಜೀವಮಾನದಲ್ಲಿ ಯಾರಿಗೂ ಎದುರಾಡಿದವಳಲ್ಲ.

"ನೀ ಕುಂಡ್ರ ಅಕ್ಕಾ. ನಾ ಒಬ್ಬಾಕಿ ಹೋಗತೇನಿ. ಹುಚ್ಚಿನ್ನ ನೋಡಬೇಕಂತ ಅವರಿಗಿ."

"ಒಬ್ಬಾಕಿ ಹೋದ್ರ ಹತ್ತ ಆಗತಾರ, ಸಾಕು" ಎಂದು ಬಾಯವ್ವ ಕತ್ತಲಲ್ಲೇ ಪಿಸುಗುಟ್ಟಿದಳು. "ಆದ್ರ ಅತ್ತೀನ ಬಿಟ್ಟ ಸೊಸಿ ಒಬ್ಬಾಕಿನ ಹೆಸರ ಮಾಡಿದ್ರ ಹ್ಯಾಂಗ? ಹಿಡೀರೆ ಶಟರ್!"

ಕೈಗಳು ಒಟ್ಟಿಗೆ ಬಿದ್ದವು. ಶಟರ್ ಧಡಧಡ ಮೇಲೆದ್ದಿತು. ಹಳದಿ ಮೋಡವೊಂದು ಮೊದಲು ಹೊರಬಂತು; ಅದರೊಳಗಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ತಲೆಯಿಂದ ಕಾಲಿನ ತನಕ ಹಳದಿ, ಕಣ್ಣಿನ ಗುಡ್ಡೆ ಮಾತ್ರ ಬೆಳ್ಳಗೆ. ಅಷ್ಟು ಹೊತ್ತು ನುಂಗಿದ್ದ ಕೆಮ್ಮನ್ನೆಲ್ಲ ಒಮ್ಮೆಲೇ ಬಿಟ್ಟರು. ಇನ್ಸ್‌ಪೆಕ್ಟರನ ಕೈಯ ಕರದಂಟು ಜಾರಿ ತೊಡೆಯ ಮೇಲೆ ಬಿತ್ತು.

ಸಾವುಕಾರ ಜಾಣ. "ಭಕ್ತರ್ರೀ! ಗುಡ್ಡಕ್ಕ ಹೊಂಟಾವ್ರು. ನೆರಳಿಗಿ ಕುಂಡ್ರಿಸಿದ್ದೆ, ಪಾಪ."

"ಉಧೋ ಉಧೋ!" ಎಂದು ಬಾಯವ್ವ ಎರಡೂ ಕೈ ಎತ್ತಿದಳು. "ಎಂಥಾ ಪುಣ್ಯವಂತ ನೋಡ್ರಿ ಸಾಹೇಬ್ರ! ಏಳ ವರ್ಷಾತು ನನ್ನ ಇಲ್ಲೇ ನೆರಳಿಗಿ ಕುಂಡ್ರಿಸ್ಯಾನ. ಮ್ಯಾಲ ಶಟರ್ ಬ್ಯಾರೆ ಎಳಿತಾನ, ಬಿಸಲ ಬಡದೀತಂತ."

ಸಾವುಕಾರ್ತಿಯೇ ಕರವಸ್ತ್ರದ ಹಿಂದೆ ನಕ್ಕುಬಿಟ್ಟಳು. ಇನ್ಸ್‌ಪೆಕ್ಟರ್ ಎದ್ದು ಪ್ಯಾಂಟು ಝಾಡಿಸಿಕೊಂಡ. ಅವನಿಗೆ ತನ್ನ ಜೀಪು ಹತ್ತಿದರೆ ಸಾಕಾಗಿತ್ತು. "ಏನಿದ್ರೂ ಆಫೀಸಿಗಿ ಬಂದು ಹೇಳ್ರಿ."

"ಬಂದಿದ್ವಿರಿ. ಅಲ್ಲಿ, ನೀವ ಇಲ್ಲಿ ಬರತೀರಂತ ಹೇಳಿದ್ರು." ನೀಲಾ ಒಂದು ದೊಡ್ಡ ಡಬ್ಬಿಯನ್ನು ಬೋರಲು ಹಾಕಿ ಅವನ ಮುಂದಿಟ್ಟಳು. "ಕುಂಡ್ರಿ ಸರ್. ಆ ಹುಚ್ಚಿ ನಾನ. ಬರಕೋರಿ."

ಇಷ್ಟೊಂದು ಹಳದಿ ಮುಖಗಳು ಸುತ್ತ ನಿಂತಿರುವಾಗ ಕೂರದೆ ಗತಿಯಿರಲಿಲ್ಲ. ಅವನು ಪೆನ್ನು ತೆಗೆದ. ಆಗ ಸಾವುಕಾರ ಬಗ್ಗಿ ಇನ್ಸ್‌ಪೆಕ್ಟರನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಬೇಕಾರ ಬರೀರಿ ಸಾಹೇಬ್ರ, ದಂಡಾ ತುಂಬತೇನಿ. ಆದ್ರ ಹೆಸರಷ್ಟ ಬರೀರಿ. ಅಡ್ಡಹೆಸರ ಬ್ಯಾಡ್ರಿ. ಕೈ ಮುಗಿತೇನಿ."

ನೀಲಾ ಗಂಟಲು ಸರಿಮಾಡಿಕೊಂಡಳು. "ನೀಲಾ ಬಾಳು ಕಾಂಬಳೆ" ಎಂದು ಗೇಟಿನ ಆಚೆ ನಿಂತಿದ್ದ ಎಮ್ಮೆಗೂ ಕೇಳುವ ಹಾಗೆ ಹೇಳಿದಳು.

"ಬಾಯವ್ವ ಶಟ್ಟೆಪ್ಪ ಕಾಂಬಳೆ. ಗಂಡ ಸತ್ತಾನ, ಅಡ್ಡಹೆಸರ ಇನ್ನೂ ಜೀವಂತ ಐತಿ."

"ದೇವಕ್ಕ ಚಲವಾದಿ."

ಹೆಸರುಗಳು ಸಾಲಾಗಿ ಬಂದವು. ಒಂದೊಂದು ಅಡ್ಡಹೆಸರಿಗೂ ಸಾವುಕಾರ ಹಲ್ಲುನೋವಿನವನ ಹಾಗೆ ಮುಖ ಹಿಂಡುತ್ತಿದ್ದ. ಕೊನೆಗೆ ಶಟರಿನ ಕೆಳಗೆ, ಅರ್ಧ ಒಳಗೆ ಅರ್ಧ ಹೊರಗೆ, ರಾಚವ್ವ ಒಬ್ಬಳೇ ಉಳಿದಿದ್ದಳು.

"ನೀ ಯಾರವಾ? ಇಲ್ಲಿ ಕೆಲಸ ಮಾಡತೀಯೇನು?"

ರಾಚವ್ವ ಸಾವುಕಾರನನ್ನು ನೋಡಿದಳು, ನೆಲ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ರಾಚವ್ವ ಮಾದರ. ಎಲ್ಲಾರಕಿಂತ ಹಳಬಳ್ರಿ" ಎಂದಳು.

ಇನ್ಸ್‌ಪೆಕ್ಟರ್ ಕಾಗದ ಮಡಚಿದ. "ಮುಂದಿನ ಸೋಮವಾರ ಮತ್ತ ಬರತೇನಿ. ಕೆಲಸದ ಮ್ಯಾಲ ಯಾರ ಇರತಾರೋ ಅವರಷ್ಟ ಲೆಕ್ಕಕ್ಕ" ಎಂದು ಯಾರ ಮುಖವನ್ನೂ ನೋಡದೆ ಹೇಳಿ ಜೀಪು ಹತ್ತಿದ.

ಜೀಪಿನ ಧೂಳು ಅಡಗುವ ಮೊದಲೇ ಸಾವುಕಾರ ತಿರುಗಿದ. "ಕೇಳಿದ್ರೆಲ್ಲ? ಸೋಮವಾರ ಇಲ್ಲಿ ಒಬ್ಬಾಕಿ ಇರಾಂಗಿಲ್ಲ! ಈಗಿಂದೀಗ ನಡೀರಿ, ಹೊಲಸ ಬೋಸಡ್ಯಾರ! ಯರಗಟ್ಟಿಯಿಂದ ಬ್ಯಾರೆ ಹೆಣ್ಣಾಳ ತರತೇನಿ!"

ಹೆಂಗಸರು ನೀಲಾಳನ್ನು ನೋಡಿದರು. ನೀಲಾ ಸಾವುಕಾರ್ತಿಯ ಹತ್ತಿರ ಹೋದಳು. "ಏಳ್ರಿ ಬಾಯಾರ, ಸೀರಿಗಿ ಹತ್ತತೈತಿ. ಇವತ್ತಿನ ಪಾಳಿ ಇನ್ನೂ ಮುಗದಿಲ್ಲ." ಸಾವುಕಾರ್ತಿ ಸೀರೆ ಬಾಚಿಕೊಂಡು ದಡಬಡಿಸಿ ಎದ್ದಳು. ನೀಲಾ ತನ್ನ ಮಣೆಯ ಮೇಲೆ ಕೂತು, ಕೈ ಚಾಚಿ, ಯಂತ್ರದ ಹಸಿರು ಗುಂಡಿ ಒತ್ತಿದಳು. ಹೊಸ ಮೋಟಾರು ಗರ್ರೆಂದು ಎದ್ದಿತು. ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದರು. ಸಾವುಕಾರನ ಬಾಯಿ ತೆರೆದು ಮುಚ್ಚುತ್ತಿತ್ತು, ಕೊರಳಿನ ನರ ಉಬ್ಬುತ್ತಿತ್ತು, ಒಂದು ಅಕ್ಷರವೂ ಕೇಳುತ್ತಿರಲಿಲ್ಲ. ಬಾಯವ್ವ ಕಿವಿಗೆ ಕೈ ಅಡ್ಡ ಹಿಡಿದು, "ಆಂ? ಏನಂದ್ರಿ?" ಎಂದು ಅಭಿನಯಿಸಿ ತೋರಿಸಿದಳು.

ಸಾವುಕಾರ ಗೋಡೆಯ ಮೇನ್ ಸ್ವಿಚ್ಚಿನ ಕಡೆ ಓಡಿದ.

ಸ್ವಿಚ್ಚಿನ ಮುಂದೆ ರಾಚವ್ವ ನಿಂತಿದ್ದಳು. ಯಾವಾಗ ಹೋಗಿ ನಿಂತಳೋ ಯಾರೂ ನೋಡಿರಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು, ಬೆನ್ನು ಸ್ವಿಚ್ಚಿನ ಡಬ್ಬಿಗೆ ಅಂಟಿಸಿದ್ದಳು. ಅವಳನ್ನು ಮುಟ್ಟಿ ಸರಿಸದೆ ಸ್ವಿಚ್ಚು ಕೈಗೆ ಸಿಗುವಂತಿರಲಿಲ್ಲ.

ಸಾವುಕಾರನ ಕೈ ಅವಳ ಹೆಗಲಿನಿಂದ ಗೇಣು ದೂರದಲ್ಲಿ, ಗಾಳಿಯಲ್ಲಿ, ನಿಂತಿತು. ಯಂತ್ರ ಬೀಸುತ್ತಲೇ ಇತ್ತು. ಹಳದಿ ಪುಡಿ ಮೆಲ್ಲಗೆ ಆ ಕೈಯ ಮೇಲೂ ಇಳಿಯತೊಡಗಿತು.